ಸಪ್ಪೊರೊದಿಂದ ಜೇವರ್ಗಿಗೆ ಎಷ್ಟು ಬುತ್ತಿ ದಾರಿ

ಬಾಗಿಲು ಸರಿಸಿದರೆ ಎದುರಿಗೆ ಗೋಡೆ. ಸೊಂಟದ ಮಟ್ಟದ ಬಿಳಿ ಗೋಡೆ. ಹಿಂದಿನ ಸಂಜೆ ನಾನು ಕೆಲಸದಿಂದ ಬಂದಾಗ ಅಲ್ಲಿ ಮೂರು ಮೆಟ್ಟಿಲು, ಒಂದು ಸೈಕಲ್ಲು, ಅದರಾಚೆ ಬೀದಿ ಇತ್ತು. ಈಗ ಒಂದೂ ಇಲ್ಲ. ಊರಿಗೆ ಊರೇ ಸದ್ದಡಗಿ ಕೂತಿತ್ತು. ನನ್ನ ಕಿವಿಯೇ ಕೆಟ್ಟಿತೋ ಎಂದು ಒಮ್ಮೆ ಚಪ್ಪಾಳೆ ತಟ್ಟಿ ನೋಡಿದೆ. ಆಗ ಪಕ್ಕದ ಬಾಗಿಲಿನಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ತಲೆ ಹೊರಹಾಕಿ, ಒಂದು ಅಗಲ ಸಲಿಕೆಯನ್ನು ನನ್ನ ಕೈಗೆ ಕೊಟ್ಟು, "ಯುಕಿಕಾಕಿ" ಎಂದಳು. ಹಿಮ ಎತ್ತಿಹಾಕುವುದು ಎಂದರ್ಥ. ನಮ್ಮಲ್ಲಿ ಬೆಳಗಾದರೆ ಅಂಗಳ ಗುಡಿಸಿ ನೀರು ಹೊಡೆಯುತ್ತೇವೆ. ಇಲ್ಲಿ ಬೆಳಗಾದರೆ ಮೊದಲು ಅಂಗಳವನ್ನು ಹುಡುಕಬೇಕು. ಆ ದಿನ ಕೆಲಸಕ್ಕೆ ನಲವತ್ತು ನಿಮಿಷ ತಡವಾಗಿ ಹೋದೆ, ಹೋಗಿ ಬೈಸಿಕೊಂಡೆ.

ನಾನು ಆಳಂದ ತಾಲ್ಲೂಕಿನ ಮಟಕಿಯವಳು, ಹೆಸರು ಮಹಾದೇವಿ. ಕಲಬುರಗಿಯಲ್ಲಿ ದಾದಿಯ ಕೋರ್ಸು ಮುಗಿಸಿ, ಆಳಂದದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದೆ. ಆಮೇಲೆ ಬೆಂಗಳೂರಿನಲ್ಲಿ ಒಂದು ವರ್ಷ ಜಪಾನಿ ಭಾಷೆ ಕಲಿತು, ಜಪಾನಿನ ಉತ್ತರದ ತುದಿಯಲ್ಲಿರುವ ಸಪ್ಪೊರೊ ಎಂಬ ನಗರದ ವೃದ್ಧಾಶ್ರಮಕ್ಕೆ ಆರೈಕೆಯ ಕೆಲಸಕ್ಕೆ ಬಂದೆ. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಕೂತವಳು ಮುಗಿಸುವುದರೊಳಗೆ ಮೂರು ಸಲ ಎದ್ದು ಬಾಗಿಲಿಗೆ ಹೋಗುತ್ತಿದ್ದೆನಂತೆ.

ಹೊರಡುವ ಮುಂಚೆ ತಮ್ಮ ಬಸು ತನ್ನ ಫೋನಿನಲ್ಲಿ ನಕಾಶೆ ತೆಗೆದು ಅವ್ವನಿಗೆ ತೋರಿಸಿದ. ಬೆಂಗಳೂರಿನಿಂದ ಟೋಕಿಯೊಗೆ ಆಕಾಶದ ದಾರಿ ಆರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು, ಹತ್ತು ತಾಸಿನ ಹಾರಾಟ. ಅಲ್ಲಿ ವಿಮಾನ ಬದಲಿಸಿ ಸಪ್ಪೊರೊಗೆ ಮತ್ತೆ ಒಂದೂವರೆ ತಾಸಿನ ಮೇಲೆ. ಅವ್ವ ಎಲ್ಲ ಕೇಳಿ, ಫೋನನ್ನು ಪಕ್ಕಕ್ಕೆ ಸರಿಸಿದಳು.

"ಅದೆಲ್ಲಾ ಖರೆ. ಎಷ್ಟ ಬುತ್ತಿ ದಾರಿ ಬೇ ಅದು?"

ನಮ್ಮ ಮನೆಯ ಅಳತೆ ಅದು. ಆಳಂದಕ್ಕೆ ಹೋಗುವುದಕ್ಕೆ ಬುತ್ತಿ ಬೇಡ. ಕಲಬುರಗಿಗೆ ಅರ್ಧ ಬುತ್ತಿ, ಎರಡು ರೊಟ್ಟಿ ಮಡಚಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿದರೆ ಸಾಕು. ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ಮಾತ್ರ ಅವ್ವ ದಿನಗಟ್ಟಲೆ ಕೆಡದ ಗರಿಗರಿ ಕಟಕ ರೊಟ್ಟಿ ಸುಟ್ಟು, ದೊಡ್ಡ ಅರಿವೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದಳು. ವಿಮಾನದಲ್ಲಿ ಊಟ ಅವರೇ ಕೊಡುತ್ತಾರೆ ಎಂದು ನಾನು ಹೇಳಿದೆ. ಅವ್ವನಿಗೆ ಸಿಟ್ಟೇ ಬಂತು.

"ಗುರ್ತಿಲ್ಲದವ್ರ ಕೊಟ್ಟದ್ದು ಊಟ ಆಗ್ತದ. ಬುತ್ತಿ ಹ್ಯಾಂಗ ಆಗ್ತದ? ಮನಿಯಾಗಿನವ್ರ ಕಟ್ಟಿದ್ರ ಅದು ಬುತ್ತಿ."

ಮೂರು ಬುತ್ತಿ ಕಟ್ಟಿ ಕೊಟ್ಟಳು. ಮಟಕಿಯ ಬಸ್ಸಿನಿಂದ ಸಪ್ಪೊರೊದ ಬಾಗಿಲಿನವರೆಗೆ ಮೂರೂ ಸರಿಯಾಗಿ ಮುಗಿದವು. ಬಸುವಿನ ಫೋನು ಹನ್ನೆರಡು ತಾಸು ಎಂದಿತ್ತು. ಬಸ್ಸಿಗಾಗಿ ನಿಂತದ್ದು, ರೈಲಿನಲ್ಲಿ ಕೂತದ್ದು, ಒಂದು ವಿಮಾನ ಇಳಿದು ಇನ್ನೊಂದಕ್ಕೆ ಕಾದದ್ದು ಯಾವ ನಕಾಶೆಯಲ್ಲೂ ಇರಲಿಲ್ಲ. ಅವ್ವನ ಲೆಕ್ಕದಲ್ಲಿ ಮಾತ್ರ ಇತ್ತು.

ಇಲ್ಲಿಯ ಮನೆ ಎಂದರೆ ಒಂದು ಕೋಣೆ. ಗೋಡೆ ಎಷ್ಟು ತೆಳು ಎಂದರೆ ಆ ಕಡೆಯವರು ಸೀನಿದರೆ ಈ ಕಡೆ ನಾನು ಎದ್ದು ಕೂರುತ್ತಿದ್ದೆ. ಆದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮಟಕಿಯಲ್ಲಿ ನನ್ನ ಮನೆಯ ಸಾರಿಗೆ ಉಪ್ಪು ಹೆಚ್ಚಾದದ್ದು ಮೂರನೇ ಮನೆಗೂ ಗೊತ್ತಾಗುತ್ತಿತ್ತು, ಅದಕ್ಕೆ ನಾನು ಗೊಣಗುತ್ತಿದ್ದೆ. ಇಲ್ಲಿ ನಾನು ಎರಡು ದಿನ ಜ್ವರ ಬಂದು ಮಲಗಿದರೂ ಯಾರೂ ಬಾಗಿಲು ಬಡಿಯಲಿಲ್ಲ. ಬಹಳ ಅತ್ತೆ. ಭಾಷೆಯೂ ಹಾಗೆಯೇ ಕಾಡಿತು. ಬೆಂಗಳೂರಿನಲ್ಲಿ ಕಲಿತದ್ದು ಪುಸ್ತಕದ ಭಾಷೆ, ಆಶ್ರಮದ ಮುದುಕರು ಆಡುವುದು ಹಲ್ಲಿಲ್ಲದ ಬಾಯಿಯ ಭಾಷೆ. ಮೊದಲ ತಿಂಗಳು ನಾನು ಎಲ್ಲದಕ್ಕೂ "ಹಾಯ್", ಅಂದರೆ ಹೌದು, ಎನ್ನುತ್ತಿದ್ದೆ. ಒಬ್ಬ ಅಜ್ಜನಿಗೆ ಹಾಗೆ ಹೌದೆಂದು ಹೌದೆಂದು ಮೂರು ಸಲ ಚಹಾ ಕುಡಿಸಿದ್ದೆ.

ಜೋಳದ ಹಿಟ್ಟು ಇಲ್ಲಿ ಸಿಗುವುದಿಲ್ಲ. ಹುಡುಕಿ ಹುಡುಕಿ ಸೋಬಾ ಎಂಬ ಕಂದು ಧಾನ್ಯದ ಹಿಟ್ಟು ತಂದೆ. ಅದೂ ಜೋಳದ ಹಾಗೆಯೇ ಜಿಗುಟಿಲ್ಲದ್ದು, ಬಿರಿಯುತ್ತದೆ. ಬಿಸಿನೀರು ಹಾಕಿ ನಾದಿ, ಕಟ್ಟೆಯ ಮೇಲೆ ಬಡಿಯತೊಡಗಿದೆ. ನಾಲ್ಕನೇ ಸಂಜೆ ಬಾಗಿಲಿನ ಸಂದಿಯಿಂದ ಒಂದು ಚೀಟಿ ಬಂತು. 'ದಿನಾ ಸಂಜೆ ನಿಮ್ಮ ಮನೆಯಿಂದ ಯಾರನ್ನೋ ಹೊಡೆಯುವ ಸದ್ದು ಬರುತ್ತಿದೆ. ಎಲ್ಲ ಕ್ಷೇಮವೇ?' ಬರೆದವಳು ಅದೇ ಸಲಿಕೆಯ ಹೆಂಗಸು. ಅವಳ ಹೆಸರು ಮೋರಿ. ಹೆಸರಿನ ಕೊನೆಗೆ 'ಸಾನ್' ಸೇರಿಸಬೇಕು, ನಾವು 'ಅವರು' ಎನ್ನುವ ಹಾಗೆ. ನಾನು ಅವಳನ್ನು ಕೈಹಿಡಿದು ಒಳಗೆ ಕರೆತಂದು ರೊಟ್ಟಿ ಬಡಿದು ತೋರಿಸಿದೆ. ಮೋರಿಸಾನ್ ನಗಲಿಲ್ಲ. ಅವಳು ಸುಲಭಕ್ಕೆ ನಗುವವಳಲ್ಲ. ಗಡಿಯಾರ ತೋರಿಸಿ, ಎಂಟರ ನಂತರ ಬಡಿಯಬೇಡ ಎಂದಳು. ಆಮೇಲೆ ಕೂತು ಎರಡು ರೊಟ್ಟಿ ತಿಂದಳು. ಅವಳು ನಮ್ಮ ಆಶ್ರಮದ ಅಡುಗೆಮನೆಯವಳೇ ಎಂದು ನನಗೆ ಗೊತ್ತಾದದ್ದು ಮರುದಿನ. ಅಲ್ಲಿಂದ ಮುಂದೆ ನನ್ನ ಬಾಗಿಲು ಬಡಿಯುವವರು ಒಬ್ಬರಾದರು.

ಹೀಗೆ ಎರಡು ಚಳಿಗಾಲ ಕಳೆಯುವುದರೊಳಗೆ ಬಸುವಿನ ಮದುವೆಯಾಯಿತು. ರಜೆ ಸಿಗದೆ ಮದುವೆಯನ್ನು ಫೋನಿನಲ್ಲಿ ನೋಡಿದೆ. ಹುಡುಗಿ ಜೇವರ್ಗಿಯ ಭಾಗ್ಯಶ್ರೀ. ಆ ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, "ಮಹಾದೇವಿ ಇನ್ನ ಪಾವಣೇರಾಕಿ ಬಿಡ್ರಿ" ಎಂದನಂತೆ. ಪಾವಣೇರು ಎಂದರೆ ನೆಂಟರು, ಬಂದು ಉಂಡು ಹೋಗುವವರು. ಅವ್ವ ಅದನ್ನು ನನಗೆ ಹೇಳಬಾರದಿತ್ತು, ಹೇಳಿದಳು. ಅದು ನನ್ನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಭಾಗ್ಯ ಬಸುರಿಯಾದ ಸುದ್ದಿ ಬಂದ ದಿನವೇ ಬಸು ಹೇಳಿದ: "ಅಕ್ಕಾ, ಕೂಸಿಗೆ ನೀನ ಹೆಸರ ಇಡಬೇಕು. ಬ್ಯಾರೆದವ್ರಿಗಿ ನಾ ಬಿಡಂಗಿಲ್ಲ."

ನಮ್ಮ ಕಡೆ ಕೂಸಿಗೆ ಹೆಸರಿಡುವುದು ಸೋದರತ್ತೆಯ ಹಕ್ಕು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ, ಅತ್ತೆಯಾದವಳು ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಅವಳು ಬಗ್ಗಿದ ಕೂಡಲೇ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ತಿಂದವಳು ಆ ಮನೆಯ ಮಗಳು. ನೆಂಟರ ಬೆನ್ನಿಗೆ ಯಾರೂ ಗುದ್ದುವುದಿಲ್ಲ. ನನಗೆ ಆ ಗುದ್ದು ಬೇಕಿತ್ತು. ಕಾಕಾನ ಎದುರಿಗೇ ಬೇಕಿತ್ತು.

ಫೆಬ್ರುವರಿಯ ಒಂದು ಬುಧವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಆಶ್ರಮದ ಕಿಟಕಿಯ ಪರದೆ ಸರಿಸುತ್ತಿದ್ದಾಗ ಬಸುವಿನ ಫೋನು ಬಂತು. ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಭಾಗ್ಯಳ ತವರು ಜೇವರ್ಗಿಯಲ್ಲಿ ಹೆರಿಗೆ, ಹೆಣ್ಣು ಕೂಸು, ಇಬ್ಬರೂ ಆರಾಮ. "ಹದಿಮೂರನೇ ದಿನ ತೊಟ್ಟಲಾ. ಅಷ್ಟರಾಗ ಬಾ" ಎಂದ. ಆಸ್ಪತ್ರೆಯ ಕಾರ್ಡಿನ ಫೋಟೊ ಕಳಿಸಿದ, ಅದರಲ್ಲೂ ಬುಧವಾರ. ಬೆರಳು ಮಡಚಿ ಎಣಿಸಿದೆ. ಹುಟ್ಟಿದ ದಿನ ಸೇರಿ ಹದಿಮೂರು ಎಂದರೆ ಸೋಮವಾರ. ಇಲ್ಲಿ ರಜೆ ಕೇಳುವುದಕ್ಕೆ ತಿಂಗಳುಗಟ್ಟಲೆ ಮುಂಚೆ ಹೇಳಬೇಕು. ಹುಟ್ಟುವ ದಿನವನ್ನು ಕೂಸು ಮುಂಚೆ ಹೇಳುವುದಿಲ್ಲವಲ್ಲ ಎಂದು ಮೇಲ್ವಿಚಾರಕಿಯ ಜೊತೆ ವಾದಿಸಿ, ಒಂದು ವಾರ ಗಿಟ್ಟಿಸಿದೆ. ಶನಿವಾರ ಹೊರಟು, ಭಾನುವಾರ ಸಂಜೆ ಜೇವರ್ಗಿ ಮುಟ್ಟಿ, ರಾತ್ರಿ ಮಲಗೆದ್ದು, ಸೋಮವಾರ ಹೆಸರಿಡುವುದು. ಇದಕ್ಕಿಂತ ಸರಿಯಾದ ಲೆಕ್ಕವನ್ನು ನಾನು ಬದುಕಿನಲ್ಲಿ ಹಾಕಿರಲಿಲ್ಲ.

ಶನಿವಾರ ಬೆಳಗ್ಗೆ ಮೋರಿಸಾನ್ ಬಾಗಿಲು ಬಡಿದು ಒಂದು ಗಂಟು ಕೊಟ್ಟಳು. ನೀಲಿ ಬಣ್ಣದ ಚೌಕ ಅರಿವೆ. ಇಲ್ಲಿ ಅದಕ್ಕೆ ಫುರೊಶಿಕಿ ಎನ್ನುತ್ತಾರೆ, ಏನನ್ನಾದರೂ ಸುತ್ತಿ ಒಯ್ಯುವುದಕ್ಕೆಂದೇ ಇಟ್ಟ ಬಟ್ಟೆ. ನಾಲ್ಕು ತುದಿ ಎತ್ತಿ ಮೇಲೆ ಗಂಟು ಹಾಕಿದ್ದು ಥೇಟ್ ಅವ್ವ ಹಾಕುವಂತೆಯೇ ಇತ್ತು. ಒಳಗೆ ಆರು ಓನಿಗಿರಿ, ಅನ್ನವನ್ನು ಒತ್ತಿ ಕಟ್ಟಿದ ಮುದ್ದೆಗಳು. ಮಾಂಸ ಮೀನು ತಿನ್ನದ ನನಗಾಗಿ ನಡುವೆ ಹುಳಿ ಉಪ್ಪಿನಕಾಯಿ ಇಟ್ಟಿದ್ದಳು. "ದೂರದ ದಾರಿ" ಎಂದಳು, ಅಷ್ಟೇ. ನಾನು ಬಸ್ಸಿಗೆ ಓಡುವ ಅವಸರದಲ್ಲಿ ಸರಿಯಾಗಿ ವಂದಿಸಲೂ ಇಲ್ಲ.

ಟೋಕಿಯೊದಲ್ಲಿ ವಿಮಾನ ಬದಲಿಸುವಾಗ ಅವ್ವನಿಗೆ ಫೋನು ಮಾಡಿದೆ. ಆಗಲೇ ಎಲ್ಲ ಜೇವರ್ಗಿಯಲ್ಲಿ ಸೇರಿದ್ದರು.

"ಎಲ್ಲಿ ಬಂದಿ?" ಎಂದಳು ಅವ್ವ. "ನಾಳಿ ಹನ್ನೊಂದಕ್ಕ ಕೂಸಿಗಿ ತೊಟ್ಟಲದಾಗ ಹಾಕೋದದ."

"ನಾಳಿ ಅಲ್ಲವ್ವಾ, ಸೋಮವಾರ."

"ಯಾವ ಸೋಮವಾರ? ಐತವಾರಕ್ಕ ಹದಿಮೂರ ದಿನಾ ಆಗ್ತಾವ."

"ಬುಧವಾರ ಹುಟ್ಯಾಳಲ್ಲ? ಕಾರ್ಡಿನಾಗ ಬರದಾರ, ನಾ ನೋಡೇನಿ."

"ಕಾರ್ಡಿನಾಗ ಬರದ್ರ ಏನಾತು? ಐದ ಗಂಟೆಕ್ಕ ಹುಟ್ಯಾಳ. ಹೊತ್ತ ಮೂಡಿತ್ತೇನು? ಹೊತ್ತ ಮೂಡಲಾರದ್ದಕ್ಕ ಅದು ಮಂಗಳವಾರದ ಕೂಸು."

ನಮ್ಮೂರಲ್ಲಿ ದಿನ ಬದಲಾಗುವುದು ಗಡಿಯಾರದಿಂದ ಅಲ್ಲ, ಸೂರ್ಯನಿಂದ. ಸೂರ್ಯ ಮೂಡುವ ಮೊದಲು ಹುಟ್ಟಿದ ಕೂಸು ಹಿಂದಿನ ದಿನದ್ದು. ಇದು ನನಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಆಳಂದದ ಆಸ್ಪತ್ರೆಯಲ್ಲಿ ಆರು ವರ್ಷ, ಹೆರಿಗೆ ಕೋಣೆಯಿಂದ ಹೊರಗೆ ಬಂದ ಕೂಡಲೇ ಮುದುಕಿಯರು ಮೊದಲು ಗಂಡೋ ಹೆಣ್ಣೋ ಎಂದು, ಆಮೇಲೆ ಹೊತ್ತು ಮೂಡಿತ್ತೋ ಇಲ್ಲವೋ ಎಂದು ನನ್ನನ್ನೇ ಕೇಳುತ್ತಿದ್ದರು. ಎಷ್ಟು ಕೂಸುಗಳಿಗೆ ನಾನೇ ನಿಂತು ವಾರ ಹೇಳಿದ್ದೆ! ಆದರೆ ಜೇವರ್ಗಿಯಲ್ಲಿ ಕತ್ತಲಿದ್ದಾಗ ನನ್ನ ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲಿತ್ತು. ಮೂರೂವರೆ ತಾಸು ಮುಂದಿರುವ ಊರಿನಲ್ಲಿ ಕೂತು, ಆ ಊರಿನ ಸೂರ್ಯನನ್ನು ಇಟ್ಟುಕೊಂಡು ಜೇವರ್ಗಿಯ ದಿನ ಎಣಿಸಿದ್ದೆ. ಮನೆಯವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು ಎಂದು ಯಾಕೆ ಅನಿಸಬೇಕು? ನಾನು ಮನೆಯವಳೇ ಎಂದುಕೊಂಡಿದ್ದರು.

ಬಸು ಫೋನು ತೆಗೆದುಕೊಂಡ. "ಅಕ್ಕಾ, ಅವ್ರ ಮನಿಯಾಗಿನ ಕಾರ್ಯ. ಮಂದಿಗೆಲ್ಲಾ ಹೇಳಿ ಆಗ್ಯದ. ಮಟಕಿಯಿಂದ ಕಾಕಾನವ್ರೂ ಬಂದಾರ. ಶಿವಲೀಲಾ ಇಡ್ತಾಳ ಹೆಸರ, ಅಂತ ಅನ್ನಾಕತ್ತಾರ."

ಶಿವಲೀಲಾ ಕಾಕಾನ ಮಗಳು. ಒಳ್ಳೆಯ ಹುಡುಗಿ. ಆ ಕ್ಷಣ ಅವಳ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಎಂದರೆ ಹೇಳಿಕೊಳ್ಳಲು ನಾಚಿಕೆ. "ಆಕಿನೇ ಇಡಲಿ ಬಿಡು" ಎಂದು ಫೋನು ಇಟ್ಟೆ.

ಹತ್ತು ತಾಸು ಎದುರಿನ ಪುಟ್ಟ ಪರದೆಯ ಮೇಲೆ ವಿಮಾನದ ಗುರುತನ್ನೇ ನೋಡುತ್ತ ಕೂತೆ. ಉಳಿದ ದೂರ ಇಷ್ಟು, ಉಳಿದ ಸಮಯ ಇಷ್ಟು ಎಂದು ಅದು ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಿತ್ತು. ಸಾವಿರ ಕಿಲೋಮೀಟರ್ ದೂರವನ್ನು ಒಂದೂವರೆ ತಾಸಿನಲ್ಲಿ ದಾಟುವ ಯಂತ್ರದೊಳಗೆ ಕೂತು, ಒಂದು ದಿನ ಹಿಂದೆ ಬಿದ್ದಿದ್ದೆ. ಪಕ್ಕದವರಿಗೆ ತೊಂದರೆ ಕೊಟ್ಟು ಏಳೆಂಟು ಸಲ ಎದ್ದು ಓಡಾಡಿದೆ. ಅವರು ಕೊಟ್ಟ ಊಟ ಬೇಡವೆಂದೆ. ಮೋರಿಸಾನಳ ಗಂಟನ್ನೂ ಬಿಚ್ಚಲಿಲ್ಲ.

ಬೆಂಗಳೂರಿನಲ್ಲಿ ಇಳಿದು ಸಿಕ್ಕ ಮೊದಲ ರೈಲು ಹಿಡಿದೆ. ಹನ್ನೊಂದು ಗಂಟೆಗೆ ಸರಿಯಾಗಿ ರೈಲು ಯಾವುದೋ ಬಯಲಿನ ನಡುವೆ ನಿಂತಿತು. ಬಸುವಿಗೆ ಫೋನು ಮಾಡಿದೆ, ಹತ್ತಲಿಲ್ಲ. ಈಗ ಗುಗ್ಗರಿ ಹಂಚುತ್ತಿರುತ್ತಾರೆ, ಈಗ ತೊಟ್ಟಿಲ ಕೆಳಗೆ ಕೂಸನ್ನು ಆಚೆ ಈಚೆ ದಾಟಿಸುತ್ತಿರುತ್ತಾರೆ, ಈಗ ಶಿವಲೀಲಾ ಬಗ್ಗಿರುತ್ತಾಳೆ ಎಂದು ಒಂದೊಂದೇ ನೆನೆದು ಕಿಟಕಿಗೆ ಹಣೆ ಹಚ್ಚಿ ಕೂತೆ. ಕಲಬುರಗಿಯವರೆಗೆ ಹೋಗದೆ ಯಾದಗಿರಿಯಲ್ಲೇ ಇಳಿದು, ಶಹಾಪುರದ ಮೇಲೆ ಹಾದು ಹೋಗುವ ಬಸ್ಸು ಹತ್ತಿದೆ. ಒಂದು ತಾಸು ಉಳಿಯುತ್ತದೆ ಎಂಬ ಆಸೆ. ಉಳಿಸಿ ಏನು ಮಾಡುತ್ತೀ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಆದರೂ ಕಂಡಕ್ಟರನಿಗೆ ಮೂರು ಸಲ "ಜಲ್ದಿ ಬಿಡ್ರೀ" ಎಂದೆ. "ಬಸ್ಸ ಅದರೀ ಇದು, ವಿಮಾನ ಅಲ್ಲ" ಎಂದ ಆತ.

ದೀಪ ಹಚ್ಚುವ ಹೊತ್ತಿಗೆ ಜೇವರ್ಗಿ ಮುಟ್ಟಿದೆ. ಬಸು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ.

"ಏನ್ ಹೆಸರ ಇಟ್ರಿ?" ಎಂದೆ.

"ಮನಿಗಿ ನಡಿ" ಎಂದು ನನ್ನ ಚೀಲ ಎತ್ತಿಕೊಂಡ.

ಅಂಗಳದಲ್ಲಿ ಪಾತ್ರೆ ತೊಳೆದು ಬೋರಲು ಹಾಕಿದ್ದರು. ಕಾಕಾ ಕಟ್ಟೆಯ ಮೇಲೆ ಕೂತಿದ್ದ, ನನ್ನನ್ನು ನೋಡಿ "ಬಂದ್ಯಾ?" ಎಂದ. ಒಳಗೆ ತೊಟ್ಟಿಲು ಹೂವಿನ ಸಮೇತ ಹಾಗೆಯೇ ತೂಗುತ್ತಿತ್ತು. ಹೆಂಗಸರು ಎದ್ದು ಹೋಗಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದರು. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ನಗು ತಡೆಯಲಾಗದೆ ಭಾಗ್ಯಳ ತುಟಿ ಅದುರುತ್ತಿತ್ತು.

ಕೊನೆಗೆ ಮಾತಾಡಿದವಳು ಭಾಗ್ಯಳ ಆಯಿ, ಅವಳ ಅಜ್ಜಿ.

"ಹೊತ್ತ ಮೂಡಲಾರದ್ದಕ್ಕ ಕೂಸಿಗಿ ಒಂದ ದಿನಾ ಹಿಂದ ಸರಿಸಿದ್ವಿ ಹೌದಿಲ್ಲ? ಮತ್ತ ಅದೇ ಲೆಕ್ಕಾ ಹಿಡೀರಿ. ನಾಳಿ ಹೊತ್ತ ಮೂಡೂತನಾ ಇವತ್ತ ಹದಿಮೂರನೇ ದಿನಾನೇ. ತೊಟ್ಟಲದಾಗ ಹಾಕೇವಿ, ಗುಗ್ಗರಿ ಹಂಚೇವಿ. ಹೆಸರ ಅಷ್ಟ ಉಳದದ. ಕೈಕಾಲ ತೊಳಕೊಂಡ ಬಾರವಾ."

ಕಾಕಾ ಹೊರಗಿನಿಂದಲೇ ಗೊಣಗಿದ: "ಮುಂಜಾನಿಂದ ಕೂಸು ಹೆಸರಿಲ್ಲದ ಮಲಗ್ಯದ."

"ಹದಿಮೂರ ದಿನಾ ಹಂಗೇ ಮಲಗ್ಯದ. ಒಂದ ಹೊತ್ತಿಗಿ ಏನ್ ಆಗ್ತದರೀ?" ಎಂದಳು ಆಯಿ.

ಕೈಕಾಲು ತೊಳೆದವಳು ಓಡಿ ಬಂದು ತೊಟ್ಟಿಲಿಗೆ ಬಗ್ಗಿದೆ. ಬಗ್ಗಿದವಳನ್ನು ಆಯಿ ಭುಜ ಹಿಡಿದು ಹಿಂದಕ್ಕೆಳೆದಳು. ಸಪ್ಪೊರೊದ ಚಳಿಗೆ ಹಾಕಿದ್ದ ದಪ್ಪ ಕೋಟು ಇನ್ನೂ ನನ್ನ ಮೈಮೇಲೇ ಇತ್ತು. ಒಂದೂವರೆ ದಿನದಿಂದ ಅದನ್ನು ತೆಗೆಯುವ ಧ್ಯಾನವೂ ನನಗಿರಲಿಲ್ಲ.

"ಮೊದಲ ಈ ಗಾದಿ ತಗೀ ಬೇ. ಇದರ ಮ್ಯಾಲ ಗುದ್ದಿದ್ರ ನಿನಗೇನ್ ಹತ್ತತದ?"

ತೆಗೆದೆ. ಕೂಸಿನ ಕಿವಿ ಗುಲಗಂಜಿಯಷ್ಟಿತ್ತು. "ನೀಲಾಂಬಿಕಾ" ಎಂದೆ. ಬೆನ್ನಿನ ಮೇಲೆ ಗುದ್ದುಗಳು ಬಿದ್ದವು. ಅದರಲ್ಲಿ ಒಂದು ಶಿವಲೀಲಾಳದು, ಅದೇ ಎಲ್ಲಕ್ಕಿಂತ ಜೋರಾಗಿತ್ತು. ನೋವಾಯಿತು. ಎರಡು ವರ್ಷದಲ್ಲಿ ಅಷ್ಟು ಸುಖ ಇನ್ಯಾವುದರಿಂದಲೂ ಆಗಿರಲಿಲ್ಲ. ತೊಟ್ಟಿಲು ಹಿಡಿದುಕೊಂಡೇ ಅತ್ತೆ.

ಮರುದಿನ ಅವ್ವ ನನ್ನ ಚೀಲ ತೆಗೆಯುವಾಗ ನೀಲಿ ಗಂಟು ಸಿಕ್ಕಿತು. ಬಿಚ್ಚಿದಳು. ಆರೂ ಓನಿಗಿರಿ ಹಾಗೆಯೇ ಒಣಗಿ ಗಟ್ಟಿಯಾಗಿದ್ದವು.

"ಇದೇನಿದು?"

"ಅನ್ನದ ಮುದ್ದಿ. ಬಾಜೂ ಮನಿ ಮೋರಿಸಾನ್ ಕಟ್ಟಿ ಕೊಟ್ಟಾಳ."

ಅವ್ವ ಗಂಟಿನ ಸುಕ್ಕನ್ನು ಬೆರಳಿನಿಂದ ನೇವರಿಸಿದಳು. "ಅಲ್ಲಿ ನಿನಗ ಬುತ್ತಿ ಕಟ್ಟಾಕಿ ಒಬ್ಬಾಕಿ ಅದಾಳಂಗಾತು" ಎಂದಳು. ಅವಳಿಗೆ ಖುಷಿಯಾಯಿತೋ ಬೇಜಾರಾಯಿತೋ ಎಂದು ಮುಖ ನೋಡಿದೆ. ಎರಡೂ ಆಗಿತ್ತು, ಅದನ್ನು ಮುಚ್ಚಿಡುವುದು ಅವಳಿಗೆ ಬರುವುದಿಲ್ಲ. ಮುದ್ದೆಗಳನ್ನು ದನಕ್ಕೆ ಹಾಕಿ, ಅರಿವೆ ಒಗೆದು ಒಣಹಾಕಿದಳು.

ಮೂರನೇ ದಿನ ಹೊರಟಾಗ ನನ್ನ ಮೂರು ಬುತ್ತಿಯ ಜೊತೆಗೆ ನೀಲಿ ಗಂಟೂ ಇತ್ತು. ಒಳಗೆ ಕಟಕ ರೊಟ್ಟಿ, ಹಿಂಡಿಯ ಪೊಟ್ಟಣ. "ಇದು ನಿನಗಲ್ಲ, ಆಕೀಗಿ. ದಾರಿಯಾಗ ಕೈ ಹಚ್ಚಿಗಿಚ್ಚೀ. ಖಾಲಿ ಅರಿವಿ ಹ್ಯಾಂಗ ಕಳಸೋದು?" ಎಂದಳು. ನನ್ನ ಬುತ್ತಿಯಲ್ಲಿ ಒಂದು ರಾಯಚೂರು ಬರುವುದರೊಳಗೆ ಮುಗಿಯಿತು. ಇನ್ನೊಂದು ಬೆಂಗಳೂರಿನಲ್ಲಿ, ಮೂರನೆಯದು ಆಕಾಶದಲ್ಲಿ. ಬಿಟ್ಟು ಹೋಗುವ ದುಃಖದಲ್ಲೂ ಹೊಟ್ಟೆ ಅಷ್ಟು ಹಸಿಯಿತಲ್ಲ ಎಂದು ನನಗೇ ನಾಚಿಕೆಯಾಯಿತು.

ಮೋರಿಸಾನ್ ಬಾಗಿಲು ತೆರೆದು "ಒಕಾಎರಿ" ಎಂದಳು. ಮನೆಗೆ ಮರಳಿದವರಿಗೆ ಮಾತ್ರ ಇಲ್ಲಿ ಹಾಗೆನ್ನುತ್ತಾರೆ. ನನ್ನ ಮೆಟ್ಟಿಲಿನ ಹಿಮವನ್ನೂ ಅವಳೇ ಎತ್ತಿಹಾಕಿದ್ದಳು. ರೊಟ್ಟಿ ಮುರಿದು ಬಾಯಿಗಿಟ್ಟಳು. ಗೋಡೆಯಾಚೆಗೂ ಕೇಳುವಷ್ಟು ಸದ್ದಾಯಿತು. ಗಡಿಯಾರ ನೋಡಿ, ಇನ್ನೂ ಎಂಟಾಗಿಲ್ಲ ಎಂದಳು. ಅವಳು ನಕ್ಕದ್ದನ್ನು ಅವತ್ತೇ ಮೊದಲು ನೋಡಿದೆ.

ನನ್ನ ಕೋಣೆಗೆ ಬಂದು ಅವ್ವನಿಗೆ ಫೋನು ಮಾಡಿದೆ. ಅವಳಿನ್ನೂ ಜೇವರ್ಗಿಯಲ್ಲೇ ಇದ್ದಳು.

"ಮುಟ್ಟಿದ್ಯಾ? ಎಷ್ಟ ಬುತ್ತಿ ದಾರಿ ಆತು?"

"ಬರೂವಾಗ ಒಂದೂ ಉಣ್ಣಲಿಲ್ಲವ್ವಾ. ಹೋಗೂವಾಗ ಮೂರೂ ತಿಂದ ಬಿಟ್ಟೆ."

ಆ ಕಡೆ ಅವ್ವ ನನ್ನ ಮಾತನ್ನು ತಾನೂ ಒಮ್ಮೆ ಅಂದು ನೋಡಿದಳು.

"ನೀ ಈಗ ಅಲ್ಲಿ ನಿಂತ ಮಾತಾಡಾಕತ್ತಿ. ಬರೂವಾಗ ಅಂದ್ರ, ಯಾವ ಕಡಿಗಿ ಬರೂವಾಗವಾ?"

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ನೀಲಾಂಬಿಕಾ ಅಳತೊಡಗಿದಳು. ಅವ್ವ ಫೋನನ್ನು ಹಾಗೆಯೇ ನೆಲಕ್ಕಿಟ್ಟು ಎದ್ದು ಹೋದಳು. ತೊಟ್ಟಿಲ ಹಗ್ಗ ಕಿರಗುಟ್ಟುವುದು ಕೇಳುತ್ತಿತ್ತು. ನಾನು ಕೋಟೂ ತೆಗೆಯದೆ ಅಲ್ಲೇ ನಿಂತು ಕೇಳುತ್ತಿದ್ದೆ.